ಒಂದೇ ಪೆಟ್ಟಿಗೆಯಲ್ಲಿ ಎರಡು ರೇಡಿಯೋ



ಫೋನ್-ಇನ್ ಕಾರ್ಯಕ್ರಮದಲ್ಲಿ ನಾವು ಉದ್ಘೋಷಕರು ಎಲ್ಲರಿಗಿಂತ ಹೆಚ್ಚು ಸಲ ಹೇಳುವ ಮಾತು ಯಾವುದು ಅಂತ ನಿಮಗೆ ಗೊತ್ತೇ ಇದೆ. ಕಾಚಿಗುಡದಿಂದಲೋ ಕೂಕಟ್‌ಪಲ್ಲಿಯಿಂದಲೋ ಫೋನ್ ಬರುತ್ತದೆ. "ಅಕ್ಕಾ, ನಾನು ಮಾತಾಡೋದು ಕೇಳಿಸ್ತಿದೆಯಾ?" ಅನ್ನುವಷ್ಟರಲ್ಲಿ ಕುಂಯ್ ಅಂತ ಕಿವಿ ಕೊರೆಯುವ ಶಬ್ದ. "ಮೊದಲು ನಿಮ್ಮ ರೇಡಿಯೋ ಸೌಂಡ್ ಕಮ್ಮಿ ಮಾಡ್ಕೊಳ್ಳಿ!" ಅನ್ನುತ್ತೇವೆ. ನಿಮ್ಮ ದನಿ ಫೋನಿನಲ್ಲಿ ನಮಗೆ ಬಂದು, ನಮ್ಮಿಂದ ಗಾಳಿಗೆ ಹೋಗಿ, ನಿಮ್ಮ ಮನೆಯ ರೇಡಿಯೋದಿಂದ ಹೊರಬಿದ್ದು, ಮತ್ತೆ ನಿಮ್ಮ ಫೋನಿನೊಳಗೇ ನುಗ್ಗುತ್ತದೆ. ಸುತ್ತಿ ಸುತ್ತಿ ಅದೇ ದನಿ ಊಳಿಡುತ್ತದೆ. ಸ್ಟುಡಿಯೋದಲ್ಲಿ ನಮಗೂ ಇದೇ ಕಟ್ಟುಪಾಡು. ಮೈಕ್ ತೆರೆದು ಕೆಂಪು ದೀಪ ಹತ್ತಿದ ಕೂಡಲೇ ಕೋಣೆಯ ಸ್ಪೀಕರ್ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕೇಳಿಸಿಕೊಳ್ಳುವುದೆಲ್ಲ ಹೆಡ್‌ಫೋನಿನಲ್ಲೇ.

ಈ ಪುಟದಲ್ಲಿ ಹಾಡು, ಸಿನಿಮಾ, ನಗರದ ಹಳೆಯ ಕಥೆಗಳ ಬಗ್ಗೆ ಬರೆಯುವ ನಾನು ಈ ಸಲ ಕಂಪ್ಯೂಟರಿನ ಬೆನ್ನು ಹತ್ತಿದ್ದಕ್ಕೆ ಕಾರಣವಿದೆ. ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರ್ ನಿಮಗೆ ಗೊತ್ತಲ್ಲ? ಸಿಟಿಸಿ ಅಂದರೆ ಆಟೋದವರಿಗೂ ಗೊತ್ತು. ಕಂಪ್ಯೂಟರಿನ ಬಿಡಿಭಾಗ ಬೇಕಾದ ಹೈದರಾಬಾದಿಗರೆಲ್ಲ ವರ್ಷಗಟ್ಟಲೆ ಹತ್ತಿಳಿದ ಮೆಟ್ಟಿಲುಗಳು ಅಲ್ಲಿವೆ. ಅಲ್ಲಿನ ಗಲ್ಲೆಗಳ ಮುಂದೆ ನಿಂತವರು ಕೇಳುವ ಒಂದು ಪ್ರಶ್ನೆ ಮೊದಲಿನಿಂದಲೂ ಹಾಗೇ ಇದೆ. "ಕಂಪ್ಯೂಟರಿನಲ್ಲಿ ಈಗಾಗಲೇ ಒಂದು ವೈಫೈ ಕಾರ್ಡ್ ಇದೆ. ಇನ್ನೊಂದು ಹಾಕಿಕೊಂಡರೆ ವೇಗ ಎರಡು ಪಟ್ಟು ಆಗುತ್ತಾ?" ಎರಡು ನಲ್ಲಿ ಇದ್ದರೆ ಬಕೆಟ್ ಬೇಗ ತುಂಬುತ್ತದಲ್ಲ, ಹಾಗೆ ಅಂತ ಅವರ ಲೆಕ್ಕ.

ಈ ಪ್ರಶ್ನೆಯ ಬುಡ ಹುಡುಕುತ್ತಾ ಹೋದರೆ ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ, ನೇರವಾಗಿ ನಮ್ಮ ರೇಡಿಯೋದ ಅಂಗಳಕ್ಕೇ ಬಂದು ನಿಲ್ಲುತ್ತೇವೆ. ವೈಫೈ ಕಾರ್ಡ್ ಅನ್ನುವುದು ಒಂದು ರೇಡಿಯೋ. ಬೆರಳಗಲದ ಆ ಚೂರಿನಲ್ಲಿ ಒಂದು ಟ್ರಾನ್ಸ್‌ಮಿಟರ್, ಒಂದು ರಿಸೀವರ್ ಎರಡೂ ಇವೆ. ನಮ್ಮ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್‌ ನಡುವೆ ಹಾಡಿದರೆ, ಅದು 2,400 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಪಿಸುಗುಡುತ್ತದೆ. ಆದರೆ ಒಂದು ಹೊತ್ತಿಗೆ ಒಂದೇ ಕೆಲಸ: ಹೇಳುವಾಗ ಕೇಳುವುದಿಲ್ಲ, ಕೇಳುವಾಗ ಹೇಳುವುದಿಲ್ಲ.

ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಸಾಮಾನ್ಯ ಕಾರ್ಡ್ ಹೊರಗೆ ಬಿಡುವ ಶಕ್ತಿ ಹೆಚ್ಚೆಂದರೆ ನೂರು ಮಿಲಿವ್ಯಾಟ್. ಒಂದು ವ್ಯಾಟಿನ ಹತ್ತರಲ್ಲೊಂದು ಪಾಲು, ಜೀರೋ ಬಲ್ಬೂ ಹತ್ತುವುದಿಲ್ಲ. ಆದರೆ ದೂರದಿಂದ ಅದೇ ಕಾರ್ಡಿಗೆ ಬಂದು ತಲುಪುವ ಅಲೆ ಅದಕ್ಕಿಂತ ಸಾವಿರ ಕೋಟಿ ಪಟ್ಟು ಕ್ಷೀಣವಾಗಿರಬಹುದು. ಅಷ್ಟು ಸಣ್ಣ ದನಿಯನ್ನೂ ಹಿಡಿಯುವ ಕಿವಿ ಅದಕ್ಕಿದೆ. ಈಗ ಅದೇ ಪೆಟ್ಟಿಗೆಯಲ್ಲಿ, ಒಂದಡಿ ದೂರದಲ್ಲಿ, ಇನ್ನೊಂದು ಕಾರ್ಡ್ ಮಾತಾಡಲು ಶುರು ಮಾಡಿದರೆ? ಒಂದಡಿ ದಾಟುವಾಗ ಅದರ ಶಕ್ತಿ ಸಾವಿರದಲ್ಲೊಂದು ಪಾಲಿಗೆ ಇಳಿದರೂ, ದೂರದ ದನಿಗಿಂತ ಅದು ಒಂದು ಕೋಟಿ ಪಟ್ಟು ಜೋರಾಗಿ ಕೇಳಿಸುತ್ತದೆ. ಚಾರ್‌ಮಿನಾರಿನ ಕೆಳಗೆ ರಂಜಾನ್ ಸಂಜೆಯ ಗದ್ದಲದಲ್ಲಿ ನಿಂತು ಗೋಲ್ಕೊಂಡ ಕೋಟೆಯ ತುದಿಯಲ್ಲಿ ಯಾರೋ ತಟ್ಟಿದ ಚಪ್ಪಾಳೆ ಕೇಳಿಸಿಕೊಳ್ಳುವುದು ಇದಕ್ಕಿಂತ ಸುಲಭ ಇರಬಹುದು.

ಹಳೆಯ ರೇಡಿಯೋ ಎಂಜಿನಿಯರುಗಳಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಅವರ ಮದ್ದು ಒಂದೇ. ಹೇಳುವ ಬಾಯಿಯನ್ನೂ ಕೇಳುವ ಕಿವಿಯನ್ನೂ ಬೇರೆ ಬೇರೆ ಊರಿನಲ್ಲಿ ಇಡು!

ಇದು ತಮಾಷೆಯ ಮಾತಲ್ಲ. ನಮ್ಮಲ್ಲಿ ಮುಂಬೈ ರೈಲು ಹತ್ತಿದವರು ಕಲಬುರಗಿ, ಸೊಲ್ಲಾಪುರ ದಾಟಿ ಪುಣೆಗೆ ಮುಂಚೆ ದೌಂಡ್ ಜಂಕ್ಷನ್ ನೋಡಿರುತ್ತೀರಿ. ವಡಾ ಪಾವ್ ತಿಂದಿರುತ್ತೀರಿ. 1927ರಲ್ಲಿ ಭಾರತ ಮತ್ತು ಇಂಗ್ಲೆಂಡಿನ ನಡುವೆ ಬೀಮ್ ವೈರ್‌ಲೆಸ್ ತಂತಿ ಸೇವೆ ಆರಂಭವಾದಾಗ ಇಂಗ್ಲೆಂಡಿನ ಕಡೆಗೆ ಮಾತಾಡುವ ಕೇಂದ್ರವನ್ನು ಪುಣೆಯ ಮಗ್ಗುಲಿನ ಖಡ್ಕಿಯಲ್ಲಿ ಕಟ್ಟಿದರು. ಅಲ್ಲಿಂದ ಬಂದದ್ದನ್ನು ಕೇಳಿಸಿಕೊಳ್ಳುವ ಕೇಂದ್ರವನ್ನು ಹತ್ತಾರು ಮೈಲಿ ಆಚೆ ಇದೇ ದೌಂಡಿನಲ್ಲಿ ನಿಲ್ಲಿಸಿದರು. ಅತ್ತ ಇಂಗ್ಲೆಂಡಿನಲ್ಲೂ ಹಾಗೆಯೇ: ಗ್ರಿಮ್ಸ್‌ಬಿಯ ಕಡೆ ಬಾಯಿ, ಸ್ಕೆಗ್ನೆಸ್ ಕಡೆ ಕಿವಿ. ನಡುವೆ ತಂತಿ ಎಳೆದು ಎರಡನ್ನೂ ಒಂದೇ ಕಚೇರಿಗೆ ಸೇರಿಸಿದರು. ಒಂದೇ ಜೀವದ ಬಾಯಿ ಒಂದು ತಾಲೂಕಿನಲ್ಲಿ, ಕಿವಿ ಇನ್ನೊಂದರಲ್ಲಿ.

ನಮ್ಮ ಹೈದರಾಬಾದಿಗೆ ಬನ್ನಿ. 1930ರ ದಶಕದ ಆರಂಭದಲ್ಲಿ ಅಂಚೆ-ತಂತಿ ಇಲಾಖೆಯಲ್ಲಿದ್ದ ಮೆಹಬೂಬ್ ಅಲಿ ಅನ್ನುವವರು ಅಬಿಡ್ಸ್ ಹತ್ತಿರದ ಚಿರಾಗ್ ಅಲಿ ಗಲ್ಲಿಯ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಈಗ ಆ ಗಲ್ಲಿಯಲ್ಲಿ ಹೊಲಿಗೆ ಯಂತ್ರ, ಬಟ್ಟೆ, ಹೋಟೆಲುಗಳ ನಡುವೆ ಅದರ ನೆನಪು ಯಾರಿಗಿದೆಯೋ! ಆಮೇಲೆ ನಿಜಾಮ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡು 1935ರ ಫೆಬ್ರವರಿ 3ರಂದು ಡೆಕ್ಕನ್ ರೇಡಿಯೋ ಆಗಿ ನಡೆಸತೊಡಗಿತು. ಶಕ್ತಿ ಬರೀ 200 ವ್ಯಾಟ್. ಬೀದರ, ಕಲಬುರಗಿ, ರಾಯಚೂರಿನ ನಮ್ಮವರೂ ಆಗ ನಿಜಾಮರ ಪ್ರಜೆಗಳೇ. ಆದ್ದರಿಂದ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಕ್ಕೂ ಆ ಬಾನುಲಿಯಲ್ಲಿ ಜಾಗ ಸಿಕ್ಕಿತು. ಈ ಊರಿನ ರೇಡಿಯೋದಲ್ಲಿ ಕನ್ನಡ ಎಲ್ಲಿಂದ ಬಂತು ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ, ನಮ್ಮದು ಹೊಸ ನೆಂಟಸ್ತನವಲ್ಲ.

1939ರ ಹೊತ್ತಿಗೆ ಐದು ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್ ಬಂತು. ಅದನ್ನು ನಿಲ್ಲಿಸಿದ್ದು ಸರೂರ್‌ನಗರದಲ್ಲಿ, ಆಗ ಅದು ಊರಿನ ಹೊರಗೆ. ಹಾಡುವವರು, ಓದುವವರು ಊರೊಳಗಿನ ಸ್ಟುಡಿಯೋದಲ್ಲಿ. 1950ರ ಏಪ್ರಿಲ್ 1ರಂದು ಹೈದರಾಬಾದ್ ಮತ್ತು ಔರಂಗಾಬಾದ್ ನಿಲಯಗಳು ಆಕಾಶವಾಣಿಯ ತೆಕ್ಕೆಗೆ ಹೋದವು. ಉಪಗ್ರಹಗಳು ಬರುವ ಮುಂಚೆ ದೆಹಲಿಯ ವಾರ್ತೆಯನ್ನು ಊರೂರಿನ ಆಕಾಶವಾಣಿ ನಿಲಯಗಳು ಶಾರ್ಟ್‌ವೇವ್‌ನಲ್ಲಿ ಹಿಡಿದು ಮರುಪ್ರಸಾರ ಮಾಡುತ್ತಿದ್ದವು. ಹಿಡಿಯುವುದಕ್ಕೆ ರಿಸೀವಿಂಗ್ ಸೆಂಟರ್ ಅಂತ ಪ್ರತ್ಯೇಕ ಜಾಗ. ಅದನ್ನು ಸ್ವಂತ ಟ್ರಾನ್ಸ್‌ಮಿಟರಿನ ಕಂಬದಿಂದ ಸಾಕಷ್ಟು ದೂರದಲ್ಲೇ ಕಟ್ಟುತ್ತಿದ್ದರು. ಇಲ್ಲದಿದ್ದರೆ ದೆಹಲಿ ಕೇಳಿಸದೆ ತನ್ನ ಹಾಡೇ ತನಗೆ ಕೇಳಿಸುತ್ತಿತ್ತು.

ಇಷ್ಟರಲ್ಲಿ ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿದ್ದರು. ಕಿವಿಗಳು ಒಂದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಲಾಭವೇ! ಶಾರ್ಟ್‌ವೇವ್ ಕೇಳಿದವರಿಗೆ ಗೊತ್ತು, ದನಿ ಏರುತ್ತದೆ, ಇಳಿಯುತ್ತದೆ, ಮುಳುಗಿಯೇ ಹೋಗುತ್ತದೆ. ಅಮೆರಿಕದ ಆರ್‌ಸಿಎ ಕಂಪನಿಯ ಹೆರಾಲ್ಡ್ ಬೆವರೇಜ್ ಮತ್ತು ಪೀಟರ್ಸನ್ 1920ರ ದಶಕದಲ್ಲಿ ಗಮನಿಸಿದ್ದೇನೆಂದರೆ, ಒಂದು ಏರಿಯಲ್ಲಿನಲ್ಲಿ ದನಿ ಮುಳುಗಿದ ಕ್ಷಣದಲ್ಲೇ ಸಾವಿರ ಅಡಿ ಆಚೆಯ ಇನ್ನೊಂದರಲ್ಲಿ ತೇಲುತ್ತಿರುತ್ತದೆ. ಮೂರು ಏರಿಯಲ್, ಮೂರು ರಿಸೀವರ್ ಇಟ್ಟು, ಬಂದದ್ದನ್ನು ಕೂಡಿಸಿದರು. ಡೈವರ್ಸಿಟಿ ರಿಸೆಪ್ಶನ್ ಅನ್ನುವ ಈ ಯುಕ್ತಿಯೇ ನಿಮ್ಮ ವೈಫೈ ಪೆಟ್ಟಿಗೆಗೆ ಎರಡು, ನಾಲ್ಕು ಕೋಡು ಮೂಡಿಸಿದ ಮೂಲಪುರುಷ. ಅಂದರೆ ಹಲವು ಕಿವಿ ಒಳ್ಳೆಯದು. ಕಿವಿಯ ಪಕ್ಕದಲ್ಲಿ ಬಾಯಿ ಬಂದರೆ ಮಾತ್ರ ಜಗಳ.

ಕಂಪ್ಯೂಟರುಗಳು ತಂತಿಯಿಲ್ಲದೆ ಮಾತಾಡಲು ಕಲಿತದ್ದು ಹವಾಯಿ ದ್ವೀಪಗಳಲ್ಲಿ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು ಅಲೋಹಾನೆಟ್ ನಡೆಸಿದಾಗ ಹೋಗುವ ಮಾತಿಗೆ ಒಂದು ತರಂಗ, ಬರುವ ಮಾತಿಗೆ ಬೇರೊಂದು ತರಂಗ ಇಟ್ಟುಕೊಂಡಿದ್ದರು. ಹಳೆಯ ಎಂಜಿನಿಯರುಗಳ ಬುದ್ಧಿ. 1985ರಲ್ಲಿ ಅಮೆರಿಕ ಕೆಲವು ತರಂಗಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. 1997ರಲ್ಲಿ 802.11 ಅನ್ನುವ ಮಾನಕ ಬಂತು, 1999ರಲ್ಲಿ ವೈಫೈ ಅನ್ನುವ ಮುದ್ದು ಹೆಸರು. ಈ ಹೊತ್ತಿಗೆ ಅಗ್ಗಕ್ಕೋಸ್ಕರ ಒಂದೇ ತರಂಗದಲ್ಲಿ ಹೇಳುವುದೂ ಕೇಳುವುದೂ ನಡೆಯಬೇಕಾಯಿತು. ಅದಕ್ಕೆ ಮಾಡಿಕೊಂಡ ನಿಯಮ ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆಯದ್ದೇ. ಮಾತಾಡುವ ಮುಂಚೆ ಕಿವಿಗೊಡು. ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರು. ಮಾತು ತಲುಪಿತು ಅಂತ ಆ ಕಡೆಯವನು "ಹೂಂ" ಅನ್ನಲಿ. "ಹೂಂ" ಬರದಿದ್ದರೆ ಇನ್ನೊಮ್ಮೆ ಹೇಳು.

ಒಂದೇ ಮನೆಯೊಳಗೆ ಈ ನಿಯಮ ಚೆನ್ನಾಗಿ ನಡೆಯಿತು. ಅದನ್ನು ಊರಾಚೆ ಒಯ್ದವರು ನಮ್ಮ ದೇಶದವರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಆಗಿನ ಪರಿಸ್ಥಿತಿ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಸೈಬರ್ ಟವರ್ಸ್ 1998ರಲ್ಲಿ ಎದ್ದು ನಿಂತಿತ್ತು. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಮೊಳಕೆ ಒಡೆಯುತ್ತಿದ್ದವು. ಆದರೆ ಹೈದರಾಬಾದ್ ದಾಟಿದರೆ ಹಳ್ಳಿಯಲ್ಲಿ ಫೋನ್ ತಂತಿಯೇ ಆಗೊಮ್ಮೆ ಈಗೊಮ್ಮೆ ಜೀವ ಹಿಡಿಯುತ್ತಿತ್ತು. ಮೊಬೈಲ್ ಕಂಬಗಳು ಹೆದ್ದಾರಿ ಬಿಟ್ಟು ಒಳಕ್ಕೆ ಬಂದಿರಲಿಲ್ಲ. ಇಂಟರ್‌ನೆಟ್ ಹಳ್ಳಿಗೆ ಹೋಗಬೇಕಾದರೆ ದಾರಿ ಯಾವುದು? ಕಾನ್ಪುರದ ಐಐಟಿಯಲ್ಲಿ ಪ್ರವೀಣ್ ಭಾಗವತ್, ಭಾಸ್ಕರನ್ ರಾಮನ್, ಧೀರಜ್ ಸಂಘಿ ಮೊದಲಾದವರು ಹೂಡಿದ ಯೋಜನೆಯ ಹೆಸರು ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್. ಗಂಗೆಯ ಬಯಲು ಸಪಾಟು, ಗುಡ್ಡ ಅಡ್ಡ ಬರುವುದಿಲ್ಲ. ಮನೆಯೊಳಗೆ ನೂರಡಿ ಹೋಗಲೆಂದು ಮಾಡಿದ ಕೆಲವೇ ಸಾವಿರ ರೂಪಾಯಿಯ ಕಾರ್ಡಿಗೆ ಬೋಗುಣಿಯಂಥ ಜಾಲರಿ ಆಂಟೆನಾ ಕಟ್ಟಿ, ಎತ್ತರದ ಗೋಪುರಕ್ಕೇರಿಸಿ, ಗುರಿ ಹಿಡಿದು ಮುಂದಿನ ಊರಿನ ಆಂಟೆನಾಕ್ಕೆ ಮುಖ ಮಾಡಿದರು. ಅವರ ಅತಿ ಉದ್ದದ ಕೊಂಡಿ ನಲವತ್ತು ಕಿಲೋಮೀಟರಿನ ಹತ್ತಿರಕ್ಕೆ ಹೋಯಿತು. ಇಲ್ಲಿಂದ ಸಂಗಾರೆಡ್ಡಿ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಲೆಕ್ಕ ಹಾಕಿ ನೋಡಿ, ಅದೆಷ್ಟು ದೂರ ಅಂತ. ಖರ್ಚು ಬಿದ್ದದ್ದು ಕಾರ್ಡಿಗಲ್ಲ, ಗೋಪುರದ ಕಬ್ಬಿಣಕ್ಕೆ.

ಆಗ ಸರ್ಕಾರದ ಅಪ್ಪಣೆಯೂ ಬೇಕಿತ್ತು. 2002ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಟ್ಟಡದೊಳಗೆ ಕಡಿಮೆ ಶಕ್ತಿಯಲ್ಲಿ ಬಳಸಲಷ್ಟೇ ಸಡಿಲಿಸಿದ್ದರು. ಎಲ್ಲರಿಗೂ ಬಯಲಿನಲ್ಲೂ ಲೈಸೆನ್ಸ್ ಬೇಡ ಅಂತ ಅಧಿಸೂಚನೆ ಹೊರಬಿದ್ದದ್ದು 2005ರ ಜನವರಿ 28ರಂದು. 5 ಗಿಗಾಹರ್ಟ್ಸ್ ಪಟ್ಟಿ ಹೀಗೆ ಬಯಲಿಗೆ ಪೂರ್ತಿ ಬಂದದ್ದು 2018ರ ಅಕ್ಟೋಬರಿನಲ್ಲಿ.

ಈಗ ಒಂದೇ ಕಂಪ್ಯೂಟರಿನಲ್ಲಿ ಹಲವು ಕಾರ್ಡು ಅನ್ನುವ ವಿಷಯಕ್ಕೆ ಬರೋಣ. ನಡುವಿನ ಒಂದು ಊರನ್ನು ತೆಗೆದುಕೊಳ್ಳಿ. ಪೂರ್ವಕ್ಕೆ ಒಂದು ಊರು, ಪಶ್ಚಿಮಕ್ಕೆ ಒಂದು, ದಕ್ಷಿಣಕ್ಕೆ ಒಂದು. ಮೂರು ಕಡೆಗೆ ಮೂರು ಆಂಟೆನಾ, ಕೆಳಗೆ ಒಂದೇ ಕಂಪ್ಯೂಟರಿನಲ್ಲಿ ಮೂರು ಕಾರ್ಡು. ಆಂಟೆನಾಗಳು ಮೂರೂ ಬೇರೆ ದಿಕ್ಕಿಗೆ ಮುಖ ಮಾಡಿವೆಯಲ್ಲ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಎಂಥ ಒಳ್ಳೆಯ ಆಂಟೆನಾದಿಂದಲೂ ಪಕ್ಕಕ್ಕೆ, ಹಿಂದಕ್ಕೆ ಸ್ವಲ್ಪ ಸೋರುತ್ತದೆ. ಒಂದೇ ಗೋಪುರದಲ್ಲಿ ಕೈಯಳತೆಯಲ್ಲಿರುವ ಆಂಟೆನಾಗೆ ಆ ಸೋರಿದ ಹನಿಯೇ ಪ್ರವಾಹ. ಪೂರ್ವದ ಕಾರ್ಡು ಮಾತಾಡುವಾಗ ಪಶ್ಚಿಮದ ಕಾರ್ಡಿಗೆ ಹತ್ತು ಮೈಲಿಯಿಂದ ಬರುವ ದನಿ ಕೇಳಿಸುವುದಿಲ್ಲ. ಬೇರೆ ಬೇರೆ ಚಾನೆಲ್ ಕೊಡೋಣ ಅಂದರೆ ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಬರೀ ಮೂರು: 1, 6, 11. ಹತ್ತಾರು ಹಳ್ಳಿಯ ಜಾಲಕ್ಕೆ ಎಲ್ಲಿ ಸಾಕು?

ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ ಪ್ರಕಟಿಸಿದ ಪರಿಹಾರದ ಹೆಸರು 2ಪಿ. ತಿರುಳು ಇಷ್ಟೇ. ಒಂದೇ ಗೋಪುರದ ಕಾರ್ಡುಗಳಲ್ಲಿ ಒಂದು ಮಾತಾಡುವಾಗ ಇನ್ನೊಂದು ಕೇಳಲಾರದು, ಸರಿ. ಆದರೆ ಎಲ್ಲ ಕಾರ್ಡುಗಳೂ ಒಟ್ಟಿಗೆ ಮಾತಾಡಬಹುದು, ಎಲ್ಲವೂ ಒಟ್ಟಿಗೆ ಕೇಳಬಹುದು! ಎಲ್ಲರೂ ಮಾತಾಡುವಾಗ ಕೇಳುವ ಕಿವಿಯೇ ಅಲ್ಲಿಲ್ಲ, ಕೆಡುವುದೇನು? ಎಲ್ಲರೂ ಕೇಳುವಾಗ ಅರಚುವ ಬಾಯಿಯೇ ಇಲ್ಲ. ಒಂದೇ ಚಾನೆಲ್ಲಿನಲ್ಲಿ ಇಡೀ ಜಾಲ ನಡೆಯುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಸೋಬಾನೆ. ಮದುವೆ ಮನೆಯಲ್ಲಿ ಹೆಂಗಸರು ಎರಡು ಗುಂಪಾಗಿ ಕೂತು ಹಾಡುವುದಿಲ್ಲವೇ? ಈ ಗುಂಪು ಒಂದು ಸಾಲು ಎತ್ತಿದಾಗ ಆ ಗುಂಪು ಕಿವಿಯಾಗುತ್ತದೆ, ಮುಗಿದ ಕೂಡಲೇ ಆ ಗುಂಪಿನ ಸರದಿ. ಒಂದೇ ಗುಂಪಿನೊಳಗೆ ಒಬ್ಬಳು ಹಾಡಿ ಒಬ್ಬಳು ಕೇಳುವ ಪದ್ಧತಿ ಅಲ್ಲಿಲ್ಲ. ಕಾನ್ಪುರದ ಜಾಲದಲ್ಲೂ ಊರುಗಳು ಎರಡು ಗುಂಪು. ಒಂದು ಗುಂಪಿನ ಗೋಪುರಗಳು ಹಾಡುವಾಗ ಇನ್ನೊಂದು ಗುಂಪಿನವು ಕೇಳುತ್ತವೆ. ಒಂದು ಹಾಳೆಯ ಮೇಲೆ ಊರುಗಳನ್ನು ಚುಕ್ಕಿ ಇಟ್ಟು, ಕೊಂಡಿಗಳನ್ನು ಗೆರೆ ಎಳೆದು, ಒಂದು ಊರಿಗೆ ಅರಿಶಿನ, ಪಕ್ಕದ ಊರಿಗೆ ಕುಂಕುಮ ಹಚ್ಚುತ್ತಾ ಹೋಗಿ. ಗೆರೆಯ ಎರಡು ತುದಿಗೆ ಎಲ್ಲೂ ಒಂದೇ ಬಣ್ಣ ಬರದಿದ್ದರೆ ಜಾಲ ನಡೆಯುತ್ತದೆ. ಮೂರು ಊರು ತ್ರಿಕೋನವಾಗಿ ಒಂದಕ್ಕೊಂದು ಜೋಡಿಕೊಂಡರೆ ನಡೆಯುವುದಿಲ್ಲ. ಮೂರನೆಯ ಚುಕ್ಕಿಗೆ ಯಾವ ಬಣ್ಣ ಹಚ್ಚುತ್ತೀರಿ? ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಅಂಗಡಿಯಲ್ಲಿ ಸಿಗುವ ಕಾರ್ಡಿಗೆ ಈ ಬುದ್ಧಿ ಕಲಿಸಬೇಕಲ್ಲ. ಅದಕ್ಕೆ ಹುಟ್ಟಿನಿಂದ ಬಂದ ಎರಡು ಅಭ್ಯಾಸಗಳೇ ಅಡ್ಡ. ಮೊದಲನೆಯದು, ಮಾತು ತಲುಪಿದ ಕೂಡಲೇ "ಹೂಂ" ಅನ್ನುವುದು. ಎಲ್ಲರೂ ಕೇಳುತ್ತಿರುವಾಗ ಒಂದು ಕಾರ್ಡು "ಹೂಂ" ಅಂದರೆ ಪಕ್ಕದ ಕಾರ್ಡಿನ ಕಿವಿ ಕೆಟ್ಟಿತು. ಲಿನಕ್ಸಿನ ಹೋಸ್ಟ್‌ಎಪಿ ಅನ್ನುವ ತಂತ್ರಾಂಶವನ್ನು ತಿದ್ದಿ ಆ "ಹೂಂ"ಗುಟ್ಟುವುದನ್ನು ನಿಲ್ಲಿಸಿದರು. ಎರಡನೆಯದು, ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರುವ ಒಳ್ಳೆಯತನ. ಒಟ್ಟಿಗೆ ಹಾಡಬೇಕಾದಾಗ ಒಬ್ಬೊಬ್ಬರೂ ಇನ್ನೊಬ್ಬರಿಗೆ ದಾರಿ ಬಿಟ್ಟು ನಿಂತರೆ ಹಾಡು ಏಳುವುದೇ ಇಲ್ಲ. ಇದಕ್ಕೆ ಅವರು ಮಾಡಿದ್ದು ನೋಡಿ. ಆ ಕಾರ್ಡುಗಳಲ್ಲಿ ಆಂಟೆನಾ ಸಿಕ್ಕಿಸಲು ಎರಡು ತೂತು ಇರುತ್ತಿದ್ದವು. ಒಂದಕ್ಕೆ ಆಂಟೆನಾ ಜೋಡಿಸಿ ಇನ್ನೊಂದನ್ನು ಖಾಲಿ ಬಿಟ್ಟರು. ಮಾತಾಡುವ ಮುಂಚೆ ಕಾರ್ಡು ಕಿವಿಗೊಡುವುದು ಖಾಲಿ ತೂತಿಗೆ! ಅಲ್ಲಿ ಏನೂ ಕೇಳಿಸುವುದಿಲ್ಲ, ಲೋಕವೆಲ್ಲ ಮೌನವಾಗಿದೆ ಅಂದುಕೊಂಡು ಅದು ಧೈರ್ಯವಾಗಿ ಬಾಯಿ ಬಿಡುತ್ತದೆ. ಕಿವಿಗೆ ಹತ್ತಿ ಇಟ್ಟ ಹಾಗೆ. ದೊಡ್ಡ ಕಂಪನಿಯ ಪ್ರಯೋಗಶಾಲೆ ಹೊಸ ಚಿಪ್ಪನ್ನೇ ಮಾಡಿಸುತ್ತಿತ್ತು, ಕೈಯಲ್ಲಿ ಕಾಸಿಲ್ಲದವರು ಖಾಲಿ ತೂತಿನಲ್ಲಿ ಕೆಲಸ ಮುಗಿಸಿದರು.

ಈ ಯುಕ್ತಿ ಪುಸ್ತಕದಲ್ಲಿ ಕೊಳೆಯಲಿಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2ಪಿಯ ದಾರಿಯನ್ನೇ ಮುಂದುವರಿಸಿ, ಅಲೆ ಕೆಟ್ಟಾಗಲೂ ಮಾತು ಉಳಿಯುವಂತೆ ತಿದ್ದಿ, ತಮಿಳುನಾಡಿನ ತೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಗೆ ಜಾಲ ಕಟ್ಟಿಕೊಟ್ಟಿತು. ಹಳ್ಳಿಯ ದೃಷ್ಟಿ ಕೇಂದ್ರದಲ್ಲಿ ಕೂತ ಅಜ್ಜಿಯ ಕಣ್ಣನ್ನು ತೇಣಿಯ ವೈದ್ಯರು ವಿಡಿಯೋದಲ್ಲಿ ನೋಡಿ, ಮಾತಾಡಿಸಿ, ಔಷಧಿಯೋ ಶಸ್ತ್ರಚಿಕಿತ್ಸೆಯೋ ಅಂತ ಹೇಳುತ್ತಿದ್ದರು. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಉಳಿಯಿತು.

ನಮ್ಮ ಊರಿನ ನಂಟು ಇರುವುದು ಇನ್ನೊಂದು ಜಾಲಕ್ಕೆ. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಅವರ ಕುಟುಂಬ 2001ರಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ಬೈರ್ರಾಜು ಫೌಂಡೇಶನ್ನಿನ ಅಶ್ವಿನಿ ಯೋಜನೆ ಅದು. ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮಾವರಂ ಸುತ್ತಲಿನ ಹಳ್ಳಿಗಳಿಗೆ ಇಂಥದೇ ಅಗ್ಗದ ವೈಫೈ ಕೊಂಡಿಗಳ ಮೂಲಕ ವೈದ್ಯರ ಸಲಹೆ, ಶಾಲೆಯ ಪಾಠ, ಬೇಸಾಯದ ಮಾತು ತಲುಪಿಸುವ ಪ್ರಯತ್ನ. ಗದ್ದೆಬಯಲು ಸಪಾಟಾದರೂ ತೆಂಗಿನ ತಲೆಗಳು ಅಡ್ಡ. ಅದಕ್ಕಿಂತ ಮೇಲೆ ಗೋಪುರ ಏಳಬೇಕು. ಕಾನ್ಪುರದ ಅನುಭವವನ್ನೂ ಗೋದಾವರಿಯ ಅನುಭವವನ್ನೂ ಜೊತೆಗಿಟ್ಟು ರಾಮನ್ ಮತ್ತು ಚೆಬ್ರೋಲು 2007ರಲ್ಲಿ ಬರೆದ ಲೇಖನ ಈಗಲೂ ಓದಲು ಯೋಗ್ಯ. ಅವರು ತಂತ್ರದ ಜೊತೆಗೆ ಹಳ್ಳಿಯ ಕರೆಂಟು, ಸಿಡಿಲು, ಗೋಪುರದ ಖರ್ಚು ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡವರು. 2009ರ ಜನವರಿ 7ರಂದು ಸತ್ಯಂ ಲೆಕ್ಕಪತ್ರದ ಹಗರಣ ಹೊರಬಿತ್ತು. ಆ ಬೆಳಗ್ಗೆ ಈ ಊರಿನಲ್ಲಿದ್ದವರು ಯಾರೂ ಅದನ್ನು ಮರೆತಿಲ್ಲ. ಸಾವಿರಾರು ಮನೆಗಳಲ್ಲಿ ಸಂಬಳದ ಚಿಂತೆ ಹತ್ತಿತು, ಅದರಲ್ಲಿ ನಮ್ಮ ಕನ್ನಡದ ಮನೆಗಳೂ ಇದ್ದವು. ಫೌಂಡೇಶನ್ನಿಗೆ ಹಣ ಬರುತ್ತಿದ್ದ ಕಾಲುವೆಯೂ ಅದೇ ಸುದ್ದಿಯಲ್ಲಿ ಬತ್ತಿತು. ಹತ್ತು ಮೈಲಿ ದೂರದ ದನಿಯನ್ನು ಹಿಡಿಯುವ ಕಾರ್ಡಿಗೆ ಕರೆಂಟು ಬಿಲ್ಲು ಕಟ್ಟುವವರೂ ಬೇಕು. ಅಂಥ ಜಾಲಗಳ ಜಾಗವನ್ನು ಆಮೇಲೆ ಮೊಬೈಲ್ ಕಂಪನಿಗಳ ತ್ರಿಜಿ, ಫೋರ್‌ಜಿ ತುಂಬಿದವು. ಈಗ ಆ ಹಳ್ಳಿಯ ಹುಡುಗನ ಜೇಬಿನಲ್ಲೇ ವಿಡಿಯೋ ಓಡುತ್ತದೆ. ತೆಂಗಿನ ಮೇಲಿನ ಗೋಪುರಗಳು ಯಾರಿಗೂ ಬೇಕಾಗಿಲ್ಲ ಅನ್ನುವುದು ಸರಿ ಇರಬಹುದು. ಆದರೆ ಆ ಜಾಲದ ಗೋಪುರ, ಕಾರ್ಡು, ಕೀಲಿಕೈ ಮೂರನ್ನೂ ಅಲ್ಲೇ ಇದ್ದು ನಡೆಸುವ ಆಸೆಯೊಂದು ಅವರಿಗಿತ್ತು. ಅದು ಮೊಬೈಲ್ ಕಂಪನಿಯ ರೀಚಾರ್ಜಿನಲ್ಲಿ ಬರುವುದಿಲ್ಲ.

ಇದರ ತಿರುಗುಮುರುಗು ಪ್ರಯತ್ನವೂ ಒಂದಿದೆ. ಎರಡು ಕಾರ್ಡು ಯಾಕೆ, ಒಂದೇ ಕಾರ್ಡು ಎರಡಾಗಿ ನಟಿಸಲಿ ಅಂದವರು ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ರಣವೀರ್ ಚಂದ್ರ, ಪರಮವೀರ್ ಬಹಲ್ ಮತ್ತು ಪ್ರದೀಪ್ ಬಹಲ್. 2004ರಲ್ಲಿ ಅವರು ತೋರಿಸಿದ ಮಲ್ಟಿನೆಟ್‌ನಲ್ಲಿ ಒಂದೇ ಕಾರ್ಡು ಈ ಜಾಲದಲ್ಲಿ ಒಂದು ಕ್ಷಣ, ಆ ಜಾಲದಲ್ಲಿ ಒಂದು ಕ್ಷಣ ಇದ್ದು ಬರುತ್ತದೆ. ಎರಡೂ ಕಡೆಯವರಿಗೆ ತಮ್ಮ ಜೊತೆಗೇ ಇದೆ ಅನ್ನಿಸುತ್ತದೆ. 'ಶಂಕರ್ ಗುರು'ವಿನಲ್ಲಿ ಅಣ್ಣಾವ್ರು ಮೂರು ಪಾತ್ರ ಮಾಡಿದರಲ್ಲ, ಹಾಗೆ. ಪರದೆಯ ಮೇಲೆ ಅಪ್ಪನೂ ಮಕ್ಕಳೂ ಒಟ್ಟಿಗೆ ಕಂಡರೂ ಕ್ಯಾಮೆರಾ ಮುಂದೆ ಒಂದು ಸಲಕ್ಕೆ ಒಬ್ಬರೇ. 2009ರ ವಿಂಡೋಸ್ 7ರಲ್ಲಿ ಈ ಸೌಲಭ್ಯ ಎಲ್ಲರ ಕೈಗೂ ಬಂತು. ಲ್ಯಾಪ್‌ಟಾಪಿನಲ್ಲಿ ವೈಫೈ ಹಿಡಿದು, ಅದೇ ಕಾರ್ಡಿನಿಂದ ಪಕ್ಕದವರಿಗೂ ಹಂಚಿದ ಹಾಸ್ಟೆಲ್ ಹುಡುಗರಿಗೆ ಇದು ಗೊತ್ತು. ವೇಗ ಯಾಕೆ ಇಳಿಯುತ್ತಿತ್ತು ಅನ್ನುವುದೂ ಈಗ ತಿಳಿದಿರಬೇಕು.

ಪಾರ್ಕ್‌ಲೇನಿನ ಗಲ್ಲೆಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎರಡನೆಯ ಕಾರ್ಡು ಹಾಕಿದ ಮಾತ್ರಕ್ಕೆ ವೇಗ ಎರಡು ಪಟ್ಟು ಆಗುವುದಿಲ್ಲ. ಕಂಪ್ಯೂಟರು ಎರಡು ದಾರಿ ಕಂಡರೆ ಒಂದನ್ನು ಮೇಲು ಅಂತ ಆರಿಸಿಕೊಂಡು ಹೊರಗಿನ ಮಾತನ್ನೆಲ್ಲ ಅದರಲ್ಲೇ ಕಳಿಸುತ್ತದೆ, ಇನ್ನೊಂದು ಸುಮ್ಮನೆ ಕಾದಿರುತ್ತದೆ. ಎರಡನ್ನೂ ಕೂಡಿಸಿ ಒಂದೇ ಹೊಳೆ ಮಾಡಬೇಕೆಂದರೆ ಆ ತುದಿಯಲ್ಲೂ ಕೂಡಿಸುವವರು ಇರಬೇಕು. ಎರಡು ಕಾರ್ಡೂ ನಿಮ್ಮ ಮನೆಯ ಒಂದೇ ವೈಫೈ ಪೆಟ್ಟಿಗೆಗೆ ಜೋತುಬಿದ್ದರೆ ಒಂದೇ ನಲ್ಲಿಗೆ ಎರಡು ಕೊಳವೆ ಸಿಕ್ಕಿಸಿದಂತೆ. ಹಾಗಂತ ನಿಷ್ಪ್ರಯೋಜಕವೂ ಅಲ್ಲ. ದೂರದ ವೈಫೈಯನ್ನು ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಮನೆಗೆ ಹಂಚಬಹುದು. ಕಚೇರಿಯ ಜಾಲ ಒಂದರಲ್ಲಿ, ಮನೆಯ ಪ್ರಿಂಟರ್ ಇನ್ನೊಂದರಲ್ಲಿ ಇಟ್ಟುಕೊಳ್ಳಬಹುದು. ಮಾಡುವುದಾದರೆ ಒಂದನ್ನು 2.4ರಲ್ಲಿ, ಇನ್ನೊಂದನ್ನು 5ರಲ್ಲಿ ಇಡಿ. ಯುಎಸ್‌ಬಿ ಕಾರ್ಡಾದರೆ ಒಂದು ಮೀಟರಿನ ಎಕ್ಸ್‌ಟೆನ್ಶನ್ ತಂತಿ ಹಾಕಿ ದೂರ ಸರಿಸಿ. ನೀಲಿ ಬಣ್ಣದ ಯುಎಸ್‌ಬಿ 3 ತೂತಿನ ಪಕ್ಕದಲ್ಲಿ 2.4ರ ಕಾರ್ಡು ಬೇಡ. ಆ ತೂತಿನಲ್ಲಿ ಹಾರ್ಡ್‌ಡಿಸ್ಕ್ ಓಡುವಾಗ ಹುಟ್ಟುವ ಗದ್ದಲ ಅದೇ ಪಟ್ಟಿಗೆ ಬಂದು ಬೀಳುತ್ತದೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಒಪ್ಪಿಕೊಂಡಿದೆ. ಖಡ್ಕಿ ಮತ್ತು ದೌಂಡಿನ ನಡುವಿನ ಅಂತರ ನಿಮ್ಮ ಮೇಜಿನ ಮೇಲೆ ಒಂದು ಮೀಟರಿಗೆ ಇಳಿದಿದೆ, ಅಷ್ಟೇ.

2024ರ ಜನವರಿಯಲ್ಲಿ ಪ್ರಮಾಣಪತ್ರ ಕೊಡಲು ಶುರುವಾದ ವೈಫೈ 7ರ ದೊಡ್ಡ ಹೆಗ್ಗಳಿಕೆ ಯಾವುದು ಗೊತ್ತೇ? ಒಂದೇ ಸಾಧನದೊಳಗಿನ ಹಲವು ರೇಡಿಯೋಗಳು ಬೇರೆ ಬೇರೆ ಪಟ್ಟಿಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಿ, ಬಂದದ್ದನ್ನು ಒಳಗೇ ಕೂಡಿಸಿಕೊಳ್ಳುವುದು. ಗಲ್ಲೆಯ ಮುಂದಿನ ಗಿರಾಕಿ ಇಷ್ಟು ವರ್ಷ ಕೇಳಿದ್ದು ಅದನ್ನೇ. ಈ ಸಲ ಎರಡೂ ತುದಿಯಲ್ಲಿ ಕೂಡಿಸುವವರನ್ನು ಇಟ್ಟಿದ್ದಾರೆ. ಆದರೆ ಮೊಬೈಲಿನಂಥ ಸಣ್ಣ ಪೆಟ್ಟಿಗೆಯಲ್ಲಿ ಎರಡು ರೇಡಿಯೋಗಳನ್ನು ಎಷ್ಟು ದೂರ ಇಡಲಾದೀತು? ಒಂದು ಮಾತಾಡುವಾಗ ಇನ್ನೊಂದು ಕೇಳಲಾರದ ಸಾಧನಗಳಿಗೆಂದೇ ಆ ಮಾನಕದಲ್ಲಿ ಬೇರೆ ನಿಯಮ ಬರೆದಿದ್ದಾರೆ. ಅಂಥವುಗಳಿಗೆ ಎರಡೂ ದಾರಿಯಲ್ಲಿ ಕಳಿಸುವ ಮಾತನ್ನು ಒಂದೇ ಗಳಿಗೆಯಲ್ಲಿ ಮುಗಿಸಬೇಕು. ಆಗ ಎರಡು ರೇಡಿಯೋಗಳೂ ಒಟ್ಟಿಗೇ ಕೇಳಿಸಿಕೊಂಡು, "ಹೂಂ" ಅನ್ನುವುದನ್ನೂ ಒಟ್ಟಿಗೇ ಅನ್ನುತ್ತವೆ.